ಬುಟ್ಟಿಯಲ್ಲಿದ್ದ ಹನ್ನೊಂದು ಕರೆಗಳು

ಸತತ ಎರಡನೇ ವರ್ಷ ಮುಂಗಾರು ಕೈಕೊಟ್ಟಿತ್ತು. ಆಗ ನಾನು ಔರಾದ ತಾಲ್ಲೂಕಿನ ಒಂದು ವಲಯದ ಅಂಗನವಾಡಿ ಮೇಲ್ವಿಚಾರಕಿ. ನನ್ನ ಕೈಕೆಳಗೆ ಇಪ್ಪತ್ತಾರು ಕೇಂದ್ರಗಳು, ಇಪ್ಪತ್ತಾರು ಕಾರ್ಯಕರ್ತೆಯರು. ದಸರೆ ಮುಗಿಯುತ್ತಿದ್ದಂತೆ ಮುಕಾದಮನ ಲಾರಿಗಳು ಊರೂರಿಗೆ ಬರುತ್ತಿದ್ದವು. ಮುಕಾದಮ ಎಂದರೆ ಕಬ್ಬು ಕಡಿಯಲು ಜನರನ್ನು ಕರೆದೊಯ್ಯುವ ಮೇಸ್ತ್ರಿ. ಗಂಡ ಹೆಂಡತಿ ಜೋಡಿಯಾಗಿಯೇ ಹೋಗಬೇಕು, ಕೂಸಿದ್ದರೆ ಕೂಸೂ ಲಾರಿ ಹತ್ತಬೇಕು. ಯಾವ ಮಗು ಯಾವ ಗಡಿಯಾಚೆ ಇದೆ ಎಂಬ ಲೆಕ್ಕ ಹಿಡಿಯುವಷ್ಟರಲ್ಲಿ ನನ್ನ ಕಾರ್ಯಕರ್ತೆಯರು ಹಣ್ಣಾಗಿದ್ದರು.

ಅಂಥ ಹೊತ್ತಿನಲ್ಲಿ ಮೇಲಿನಿಂದ ಆದೇಶ ಬಂತು. ಕಾರ್ಯಕರ್ತೆಯರ ಮನಸ್ಸಿನ ನೆಮ್ಮದಿಗಾಗಿ ಬೀದರಿನಲ್ಲಿ ಮೂರು ದಿನದ ಮೈಂಡ್‌ಫುಲ್‌ನೆಸ್ ತರಬೇತಿ. ಮನಸ್ಸನ್ನು ಹಿಂದೆ ಮುಂದೆ ಓಡಲು ಬಿಡದೆ, ಈಗಿನ ಕ್ಷಣದಲ್ಲಿ, ಉಸಿರಿನ ಮೇಲೆ ನಿಲ್ಲಿಸುವ ಅಭ್ಯಾಸ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನೇ ನಕ್ಕಿದ್ದೆ. ಆದರೆ ಮೊದಲ ದಿನ ಕಲಿಸಲು ಬಂದ ಹುಡುಗಿ ಎಲ್ಲರನ್ನೂ ಕಣ್ಣು ಮುಚ್ಚಿಸಿ, ನೀವು ಹೇಗಿದ್ದೀರಿ ಎಂದು ಕೇಳಿದಾಗ ನಾಲ್ಕೈದು ಜನ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನೊಮ್ಮೆಯೂ ಅವರಿಗೆ ಕೇಳಿರಲಿಲ್ಲ. ಆಮೇಲೆ ಆಕೆ ಒಬ್ಬೊಬ್ಬರಿಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಐದು ನಿಮಿಷ ನಿಧಾನವಾಗಿ ಅಗಿಯಿರಿ ಎಂದಳು. ಅರ್ಧಕ್ಕರ್ಧ ಜನ ಅಗಿದಂತೆ ಬಾಯಾಡಿಸಿ, ದ್ರಾಕ್ಷಿಯನ್ನು ಮಕ್ಕಳಿಗೆಂದು ಸೆರಗಿನ ತುದಿಗೆ ಕಟ್ಟಿಕೊಂಡರು.

ಎರಡನೇ ದಿನ ಮೌನದ ದಿನ. ಹಿರಿಯ ಅಧಿಕಾರಿಗಳು ನೋಡಲು ಬರುವವರಿದ್ದರು. ಫೋನುಗಳನ್ನು ಬಂದ್ ಮಾಡಿಟ್ಟುಕೊಳ್ಳಿ, ತುರ್ತಿದ್ದವರು ಹೊರಗೆ ಹೋಗಿ ಮಾತಾಡಿ ಎಂದಷ್ಟೇ ತರಬೇತಿಯ ಹುಡುಗಿ ಹೇಳಿದ್ದಳು. ಎಲ್ಲರ ಫೋನು ಹಾಕಿಸಿಕೊಳ್ಳಲು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು ನಾನು. ಸಾಹೇಬರ ಎದುರು ಒಂದು ಫೋನೂ ಕುಂಯ್ ಅನ್ನಬಾರದು ಎಂಬ ಹಟ ನನ್ನದು.

ಸುಶೀಲಾ ಮಾತ್ರ ಫೋನು ಹಾಕದೆ ನಿಂತಳು. ಇಪ್ಪತ್ತೆರಡು ವರ್ಷದಿಂದ ಒಂದೇ ಊರಿನ ಕೇಂದ್ರ ನಡೆಸಿಕೊಂಡು ಬಂದ ಹೆಣ್ಣುಮಗಳು. ಅವಳ ಕೇಂದ್ರದಲ್ಲಿ ಪೂಜಾ ಎಂಬ ಎರಡು ವರ್ಷದ ಕೂಸಿತ್ತು. ತೋಳಿನ ಅಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ನಮ್ಮ ಅಳತೆಪಟ್ಟಿ ಕೆಂಪು ತೋರಿಸುತ್ತದೆ, ಅಂದರೆ ಜೀವಕ್ಕೇ ಅಪಾಯ. ಪೂಜಾಳದು ಹತ್ತೂವರೆ. ಬೀದರಿನ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯ ಜೊತೆ ಹದಿನಾಲ್ಕು ದಿನ ಇಡಬೇಕಿತ್ತು. ಮುಕಾದಮನ ಮುಂಗಡ ತಿಂದಿದ್ದ ಗಂಡ ಒಲ್ಲೆ ಎನ್ನುತ್ತಿದ್ದ. ಸುಶೀಲಾ ತಿಂಗಳೊಪ್ಪತ್ತು ಬೆನ್ನುಹತ್ತಿ ತಾಯಿ ರೇಖಾಳನ್ನು ಒಪ್ಪಿಸಿದ್ದಳು. ಬೀದರ ಕಾಣದ ರೇಖಾ ಗಂಡನಿಗೆ ತಿಳಿಯದಂತೆ ಆ ದಿನ ಬೆಳಗಿನ ಬಸ್ಸಿಗೆ ಬರುವವಳಿದ್ದಳು.

"ಹತ್ತಕ್ಕ ಬಸ್‌ಸ್ಟ್ಯಾಂಡಿನ್ಯಾಗ ಬಂದು ಕುಂತಿರ್ತಾಳ್ರಿ ಮೇಡಂ. ದವಾಖಾನಿಗಿ ಸೇರಿಸಿ ಒಂದೇ ತಾಸಿಗಿ ಬರ್ತೇನ್ರಿ," ಎಂದಳು.

"ಊಟದ ಹೊತ್ತಿಗಿ ಹೋಗು. ಅಲ್ಲೀತನಕ ಕೂಡ್ತಾಳೇಳು. ಸಾಹೇಬರ ಮುಂದ ಖುರ್ಚಿ ಖಾಲಿ ಕಾಣಬಾರ್ದು," ಎಂದೆ. ಅವಳ ಕೈಯಿಂದ ನಾನೇ ಫೋನು ತೆಗೆದು, ಸದ್ದಡಗಿಸಿ ಬುಟ್ಟಿಗೆ ಹಾಕಿದೆ. ಬಾಗಿಲಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

ಸಾಹೇಬರು ಬಂದದ್ದು ಎರಡೂವರೆಗೆ. ಊಟ ಮೂರು ದಾಟಿತು. ಅಷ್ಟು ಹೊತ್ತೂ ಸುಶೀಲಾ ಕಣ್ಣು ಮುಚ್ಚಿ ನೆಟ್ಟಗೆ ಕುಳಿತಿದ್ದಳು. ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಂದವಳು ಅವಳೇ. ಬುಟ್ಟಿಯಿಂದ ಫೋನು ತೆಗೆದಾಗ ಒಂದೇ ನಂಬರಿನಿಂದ ಹನ್ನೊಂದು ಕರೆ ಬಂದಿದ್ದವು. ಅದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನ ನಂಬರು. ಓಡಿ ಹೋಗಿ ಕೇಳಿದರೆ, ಆ ಹೆಣ್ಣುಮಗಳು ಎರಡರವರೆಗೂ ಇಲ್ಲೇ ಕುಂತಿದ್ದಳು, ಗಂಡ ಹುಡುಕಿಕೊಂಡು ಬಂದು ಎಳೆದೊಯ್ದ ಎಂದನಂತೆ. ಸುಶೀಲಾ ಸಿಕ್ಕ ಬಸ್ಸು ಹತ್ತಿ ಊರು ಮುಟ್ಟುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು.

ಹನ್ನೆರಡನೇ ದಿನ ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಪೂಜಾ ಸತ್ತಳು. ಹೂಳುವುದಕ್ಕೆ ಮುಕಾದಮ ಅರ್ಧ ದಿನ ಬಿಡುವು ಕೊಟ್ಟನಂತೆ. ಅವನಾದರೂ ಅರ್ಧ ದಿನ ಕೊಟ್ಟ, ನಾನು ಒಂದು ತಾಸೂ ಕೊಟ್ಟಿರಲಿಲ್ಲ.

ಮಗುವಿನ ಹೆಸರು ಸುಶೀಲಾಳ ಕೇಂದ್ರದಲ್ಲಿದ್ದುದರಿಂದ ವಿಚಾರಣೆ ಬಂತು. ಕೆಂಪು ಪಟ್ಟಿಯ ಮಗುವನ್ನು ಆಸ್ಪತ್ರೆಗೆ ಸೇರಿಸದೇ ಇದ್ದದ್ದು ಕರ್ತವ್ಯಲೋಪ ಎಂಬುದು ಆರೋಪ. ಅನುಮತಿ ಕೇಳಿದ್ದೆ, ಮೇಡಂ ಬಿಡಲಿಲ್ಲ ಎಂದು ಅವಳು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು. ನನ್ನ ಹೇಳಿಕೆ ಕೇಳಿದರು. ನನಗೆ ಬಡ್ತಿಯ ಸರದಿ ಹತ್ತಿರವಿತ್ತು. "ಸದರಿ ಕಾರ್ಯಕರ್ತೆಯು ಈ ವಿಷಯವನ್ನು ನನ್ನ ಗಮನಕ್ಕೆ ತಂದಿರುವುದಿಲ್ಲ" ಎಂದು ಒಂದೇ ಸಾಲು ಬರೆದು ಸಹಿ ಹಾಕಿದೆ. ಬಾಗಿಲಲ್ಲಿ ಕೇಳಿಸಿಕೊಂಡವರಲ್ಲಿ ಒಬ್ಬಳೂ ತುಟಿ ಬಿಚ್ಚಲಿಲ್ಲ. ಅವರ ಹಾಜರಿಗೆ, ರಜೆಗೆ, ಗೌರವಧನದ ಬಿಲ್ಲಿಗೆ ಸಹಿ ಹಾಕುವವಳೂ ನಾನೇ ಅಲ್ಲವೇ.

ಸುಶೀಲಾಳನ್ನು ಕೆಲಸದಿಂದ ತೆಗೆದರು. ಕೇಂದ್ರದ ಕೀಲಿ ಇಸಿದುಕೊಳ್ಳಲು ನಾನೇ ಹೋಗಬೇಕಾಯಿತು. ಮಕ್ಕಳ ತಟ್ಟೆ ಲೋಟಗಳನ್ನು ಎಣಿಸಿ ಒಪ್ಪಿಸಿದಳು, ನನ್ನ ಮುಖ ಮಾತ್ರ ನೋಡಲಿಲ್ಲ.

ಬಡ್ತಿ ಪಡೆದು, ನಿವೃತ್ತಳಾಗಿ, ಭಾಲ್ಕಿಯ ನಮ್ಮ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳು ಬಾಗಿಲಿಗೆ ಬಂದಳು. ಅಷ್ಟು ದಿನ ಊರವರ ಹೊಲಿಗೆ ಹೊಲಿದುಕೊಂಡಿದ್ದಳಂತೆ. ತಪ್ಪಾಯಿತು ಸುಶೀಲಾ, ಕ್ಷಮಿಸು ಎಂದೆ.

"ಮಾಫಿ ಒಯ್ದು ನಾ ಏನ್ ಮಾಡ್ಲಿರಿ ಮೇಡಂ? ಕೇಳಿದ್ದಳು, ನಾನೇ ಬಿಡಲಿಲ್ಲ ಅಂತ ಒಂದು ಹಾಳಿ ಮ್ಯಾಲ ಬರ್ದು ಸಹಿ ಮಾಡಿ ಕೊಡ್ರಿ. ಅರ್ಜಿ ಹಾಕ್ತೇನಿ. ಅರವತ್ತಕ್ಕ ಇನ್ನೂ ಎರಡು ವರ್ಷ ಅವ, ನನ್ನ ಸಾಲಿ ನನಗ ಸಿಗ್ತದ."

ಪಿಂಚಣಿ ಆದೇಶ ಬರಲಿ, ಮುಂದಿನ ವಾರ ಕೊಡುತ್ತೇನೆ ಎಂದೆ. ಆದೇಶ ಬಂತು. ಸುಶೀಲಾ ಮತ್ತೆ ಎರಡು ಸಲ ಬಂದಳು. ಎರಡು ಸಲವೂ ನಾನು ಒಳಕೋಣೆಯಲ್ಲಿ ಕುಳಿತು, ಅತ್ತೆ ಮನೆಯಲ್ಲಿಲ್ಲ ಎಂದು ಸೊಸೆಯಿಂದ ಹೇಳಿಸಿದೆ.

ಕೈಕೆಳಗಿನವರ ನೆಮ್ಮದಿಗೆ ತರಬೇತಿ ಏರ್ಪಡಿಸುವವರು ಮೊದಲು ಅವರು ಕೇಳಿದ ಒಂದು ತಾಸನ್ನು ಬಿಟ್ಟುಕೊಡಲು ಕಲಿಯಬೇಕು. ತಪ್ಪಾದರೆ ಅದನ್ನು ಉಪಯೋಗಕ್ಕೆ ಬರುವ ಹೊತ್ತಿನಲ್ಲೇ ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಕಲಿತದ್ದನ್ನು ನಾನು ಮಾಡಲಿಲ್ಲ. ಸುಶೀಲಾ ನನ್ನನ್ನು ಕೇಳಿದ್ದಳು. ನಾನು ಬಿಡಲಿಲ್ಲ. ಕಾರ್ಯಕರ್ತೆಯ ಕೆಲಸಕ್ಕೆ ಅರವತ್ತರ ಮಿತಿ ಇದೆ. ಹೋದ ತಿಂಗಳು ಅವಳಿಗೆ ಅರವತ್ತು ತುಂಬಿತೆಂದು ವಿಚಾರಿಸಿ, ಖಾತ್ರಿ ಮಾಡಿಕೊಂಡು, ಈಗ ಇದನ್ನು ಬರೆದಿದ್ದೇನೆ.