ನಿನ್ನೆಯ ಮಳೆಯ ತಾರೀಖು

ಚಂಡಮಾರುತಗಳ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದರೆ ಎಪ್ಪತ್ತರ ದಶಕದ ಬಂಟ್ವಾಳದಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬಿದವರು ಅದನ್ನು ರೇಡಿಯೋದ ಹವಾಮಾನ ವರದಿ ಎಂದುಕೊಳ್ಳುತ್ತಿದ್ದರು. ಒಮ್ಮೆ ಪಾಣೆಮಂಗಳೂರಿನ ಅಂಗಡಿಯಲ್ಲಿ ಕೊಡೆ ರಿಪೇರಿಗೆ ಕೊಟ್ಟೆ. ಅಂಗಡಿಯವರು ಕಡ್ಡಿ ಎಣಿಸುತ್ತಾ, "ಮಳೆ ಇಲ್ಲ ಅಂತ ಹೇಳುವವರೇ ಕೊಡೆ ಹಿಡ್ಕೊಂಡು ತಿರುಗಿದ್ರೆ ನಾವು ಯಾರನ್ನು ನಂಬುವುದು ಮಾರಾಯ್ರೆ?" ಎಂದರು. ಮನೆಯಲ್ಲಿ ಅತ್ತಿಗೆಯದ್ದು ಇನ್ನೂ ನೇರ.

"ಪುಣೆಯಲ್ಲಿ ಇಷ್ಟು ವರ್ಷ ಓದಿದ್ದಿ. ನಾಳೆ ಹಪ್ಪಳ ಒಣಗಿಸ್ಲಿಕ್ಕೆ ಆಗ್ತದಾ ಇಲ್ವಾ, ಅಷ್ಟು ಹೇಳು ಸಾಕು."

"ಅದು ನನ್ನ ಕೆಲಸ ಅಲ್ಲ ಅತ್ತಿಗೆ."

"ಮತ್ತೆ ಎಂತ ನಿನ್ನ ಕೆಲಸ?"

ನನ್ನ ಕೆಲಸ ಇಷ್ಟು: ಅರಬ್ಬೀ ಸಮುದ್ರದಲ್ಲಿ ಹುಟ್ಟಿದ ಚಂಡಮಾರುತ ನಮ್ಮ ಕರಾವಳಿಯ ಎದುರು ಹಾದುಹೋಗುವಾಗ, ಒಳನಾಡಿನಲ್ಲಿ ಮಳೆ ಎಲ್ಲಿ ಮೊದಲು ಹೆಚ್ಚುತ್ತದೆ, ಎಲ್ಲಿ ಆಮೇಲೆ ಎಂದು ನೋಡುವುದು. ಇದಕ್ಕೆ ನಾನು ಮೂರು ಊರುಗಳ ಮಳೆ ದಾಖಲೆ ಆರಿಸಿಕೊಂಡಿದ್ದೆ. ಹೊಳೆ ಬದಿಯ ಬಂಟ್ವಾಳ, ಉತ್ತರದ ಮೂಡುಬಿದಿರೆ, ಘಟ್ಟಕ್ಕೆ ಹತ್ತಿರದ ಬೆಳ್ತಂಗಡಿ. ಒಂದು ಬೇಸಗೆಯಲ್ಲಿ ಮೂರೂ ಕಡೆ ಬಸ್ಸಿನಲ್ಲಿ ಓಡಾಡಿ, ಚಂಡಮಾರುತ ಇದ್ದ ದಿನಗಳ ಮಳೆಯನ್ನು ನಕಲು ಮಾಡಿಕೊಂಡೆ. ಪುಣೆಗೆ ಹೋಗಿ ಜೋಡಿಸಿ ನೋಡಿದರೆ ಸೊಗಸಾದ ಒಂದು ಸಂಗತಿ ಎದ್ದು ಬಂತು. ಬೆಳ್ತಂಗಡಿಯಲ್ಲಿ ಮಾತ್ರ ಭಾರೀ ಮಳೆ ಉಳಿದೆರಡು ಊರುಗಳಿಗಿಂತ ಒಂದು ದಿನ ಮೊದಲೇ ಬೀಳುತ್ತಿತ್ತು.

ಘಟ್ಟದ ಗೋಡೆ ದೂರದ ಚಂಡಮಾರುತವನ್ನು ಮೊದಲೇ ಗುರುತಿಸುತ್ತದೆ ಎಂದು ನಾನು ಬರೆದೆ. ಮಾರ್ಗದರ್ಶಕರು ಎರಡು ಸಲ ಓದಿ, ಪ್ರಬಂಧದ ಮುಖ್ಯ ಅಧ್ಯಾಯ ಇದೇ ಆಗಲಿ ಎಂದರು. ನನ್ನ ಹೆಸರು ಮೊದಲು ಬರುವ ಒಂದು ಲೇಖನವೂ ಪತ್ರಿಕೆಗೆ ಹೋಯಿತು. ಆ ಲೇಖನದ ಮೇಲೆ ನನ್ನ ಪದವಿ ನಿಂತಿತ್ತು, ಬಹುಶಃ ಅದಕ್ಕಿಂತ ಹೆಚ್ಚಾಗಿ ನನ್ನ ಜಂಬ.

ಮರುವರ್ಷ ಮೇ ತಿಂಗಳಲ್ಲಿ ಒಂದೇ ಒಂದು ಅಂಕಿಯನ್ನು ಖಚಿತ ಮಾಡಿಕೊಳ್ಳಲು ಬೆಳ್ತಂಗಡಿಗೆ ಮತ್ತೆ ಹೋದೆ. ಬೆಳಗಿನ ಮೊದಲ ಬಸ್ಸು ಊರಿಗೆ ಸ್ವಲ್ಪ ಮೊದಲೇ ಕೆಟ್ಟು ನಿಂತದ್ದರಿಂದ ಅಲ್ಲಿಂದ ನಡೆದೆ. ಹಿಂದಿನ ಸಂಜೆ ಗುಡುಗಿನ ಮಳೆ ಚೆನ್ನಾಗಿ ಹೊಡೆದಿತ್ತು. ತಾಲೂಕು ಕಚೇರಿಯ ಅಂಗಳದಲ್ಲಿ, ತಂತಿ ಬೇಲಿಯೊಳಗೆ ಮಳೆಮಾಪಕ. ಅದನ್ನು ನೋಡಿಕೊಳ್ಳುತ್ತಿದ್ದವರು ಕಚೇರಿಯ ಜವಾನರು, ಐವತ್ತು ದಾಟಿದವರು. ನನ್ನ ನೆನಪಿನಲ್ಲಿ ಅವರು ತೆಳ್ಳಗಿನ ಮನುಷ್ಯ. ಆಗಿನ ನನ್ನ ದಿನಚರಿಯಲ್ಲಿ 'ದಪ್ಪ, ಮೃದು ಮಾತು' ಎಂದು ಬರೆದಿದ್ದೇನೆ. ಇಂಥದ್ದನ್ನು ಕಂಡಾಗ ಮುಂದೆ ಬರೆಯಲೇ ಮನಸ್ಸಾಗುವುದಿಲ್ಲ. ಆದರೆ ಆ ದಿನದ ಮಾತುಗಳನ್ನು ಅಂದೇ ಬರೆದಿಟ್ಟಿದ್ದೆ, ಅವನ್ನು ನಂಬಬಹುದು.

ನಿಯಮ ಸರಳ. ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯಬೇಕು, ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೇ ಬರೆಯಬೇಕು. ಅವರು ಸರಿಯಾಗಿ ಎಂಟೂವರೆಗೆ ಬಂದರು. ನೀರನ್ನು ಅಳತೆ ಗ್ಲಾಸಿಗೆ ಒಂದು ಹನಿಯೂ ಚೆಲ್ಲದೆ ಹೊಯ್ದರು. ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿದರು. ಇಷ್ಟು ಶ್ರದ್ಧೆಯ ಅಳತೆಯನ್ನು ಪುಣೆಯಲ್ಲೂ ಕಂಡಿರಲಿಲ್ಲ. ಆಮೇಲೆ ಪುಸ್ತಕ ಬಿಡಿಸಿ ಆ ಅಂಕಿಯನ್ನು ನಿನ್ನೆಯ ತಾರೀಖಿನ ಎದುರು ಬರೆದರು.

"ಇದು ಇವತ್ತಿನ ಸಾಲಿಗೆ ಬರ್ಬೇಕಲ್ವಾ?" ಎಂದೆ.

"ಇವತ್ತು ಎಲ್ಲಿ ಮಳೆ ಬಂದದ್ದು ಮೇಡಂ? ಬಂದದ್ದು ನಿನ್ನೆ ಸಂಜೆ. ನೀವೂ ನೋಡಿದ್ದೀರಲ್ಲ."

"ಅಳೆದದ್ದು ಇವತ್ತು ಅಲ್ವಾ?"

"ನಾನು ಅಳೆದ ದಿನ ಬಂತು ಅಂತ ಬರೆದ್ರೆ ಸುಳ್ಳಾಗುದಿಲ್ವಾ? ರಾತ್ರಿ ಹನ್ನೆರಡು ಕಳೆದು ಬಂದ್ರೆ ಇವತ್ತಿಗೆ ಬರೀತೇನೆ. ಅದರಲ್ಲಿ ನಾನು ಭಾರೀ ಜಾಗ್ರತೆ."

ಅವರ ದನಿಯಲ್ಲಿ ಹೆಮ್ಮೆ ಇತ್ತು. ಘಟ್ಟದ ಗೋಡೆ ಯಾವುದನ್ನೂ ಗುರುತಿಸಿರಲಿಲ್ಲ. ಒಬ್ಬ ಮನುಷ್ಯ ಸುಳ್ಳು ಬರೆಯಲು ಒಪ್ಪದ್ದರಿಂದ ನನ್ನ ಆ 'ಒಂದು ದಿನ ಮೊದಲು' ಹುಟ್ಟಿತ್ತು.

ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದೆ. ತಾನು ಬಂದಾಗಿನಿಂದ ಎಂದರು. ಮುಂಚಿನವರು ಹೇಗೆ ಬರೆಯುತ್ತಿದ್ದರೋ ಗೊತ್ತಿಲ್ಲ. ತಾನು ರಜೆ ಹಾಕಿದಾಗ ಗುಮಾಸ್ತರು ಬರೆಯುತ್ತಾರೆ, "ಅವರದ್ದು ಅವರ ಹಾಗೆ." ಮೇಲಿನ ಕಚೇರಿಗೆ ಹೋಗುತ್ತಿದ್ದದ್ದು ತಿಂಗಳ ಮೊತ್ತ ಮಾತ್ರ, ಅದರಲ್ಲಿ ತಾರೀಖು ಸಿಗುವುದಿಲ್ಲ.

ಇನ್ನೂ ಒಂದು ದಾರಿ ಇತ್ತು. ಇಡೀ ಪುಸ್ತಕವನ್ನು ದಿನದಿನವೂ ಬಂಟ್ವಾಳ, ಮೂಡುಬಿದಿರೆಗಳ ಪುಸ್ತಕದೊಂದಿಗೆ ಹೋಲಿಸಿದರೆ, ಯಾವ ಕಾಲದಲ್ಲಿ ಸಾಲು ತಪ್ಪಿದೆ ಎಂದು ತಿಳಿಯುತ್ತಿತ್ತು, ನನ್ನ ಅಧ್ಯಾಯದಲ್ಲಿ ಏನಾದರೂ ಉಳಿಯುತ್ತದೆಯೇ ಎಂಬುದೂ ಗೊತ್ತಾಗುತ್ತಿತ್ತು. ಆದರೆ ನನ್ನ ಬಳಿ ಇದ್ದದ್ದು ಚಂಡಮಾರುತದ ದಿನಗಳು ಮಾತ್ರ, ಮರುದಿನವೇ ಪುಣೆಗೆ ಹೊರಡಬೇಕಿತ್ತು. ಮಳೆಗಾಲ ಮುಗಿದ ಮೇಲೆ ಬಂದು ಎಲ್ಲವನ್ನೂ ನಕಲು ಮಾಡುತ್ತೇನೆ ಎಂದೆ. ಹೊರಡುವಾಗ ಸರಿಯಾದ ನಿಯಮವನ್ನು ವಿವರಿಸಿದೆ. ಅವರ ಮುಖ ಬಾಡಿತು. "ಇಷ್ಟು ವರ್ಷ ತಪ್ಪು ಬರೆದೆನಾ?" ಎಂದರು. ನಾನು ಸಿಡುಕಿನಲ್ಲಿ "ಹೌದು" ಎಂದೆ. ಬೇರೆ ಏನಾದರೂ ಹೇಳಬಹುದಿತ್ತು.

ಪತ್ರಿಕೆಯವರಿಗೆ ಲೇಖನ ತಡೆಹಿಡಿಯಲು ಬರೆದು, ಬೇಸರದಲ್ಲೇ ನಾಲ್ಕು ತಿಂಗಳು ಕಳೆದು, ಚೌತಿ ಮುಗಿದ ವಾರ ಮತ್ತೆ ಬೆಳ್ತಂಗಡಿಯಲ್ಲಿ ಇಳಿದೆ. ಅವರು ನನಗಾಗಿ ಕಾಯುತ್ತಿದ್ದರು. ಮೇಜಿನ ಮೇಲೆ ಹೊಸ ಪುಸ್ತಕ, ಕಂದು ಕಾಗದದ ರಟ್ಟು, ಕೆಂಪು ಶಾಯಿಯ ಗೆರೆಗಳು.

"ಎಲ್ಲ ಸರಿ ಮಾಡಿ ಇಟ್ಟಿದ್ದೇನೆ ಮೇಡಂ. ನಿಮಗೆ ಇನ್ನು ಕಷ್ಟ ಇಲ್ಲ."

"ಹಳೇ ಪುಸ್ತಕ?"

"ಅದಕ್ಕೆ ಗೆದ್ದಲು ಹಿಡಿದಿತ್ತು. ಇದಕ್ಕೆ ಇಳಿಸಿ ಆದ ಮೇಲೆ ಬಚ್ಚಲ ಒಲೆಗೆ ಹಾಕಿದೆ."

ನನ್ನ ದನಿ ಏರಿದ್ದು ನೆನಪಿದೆ. "ಯಾವುದನ್ನು ಮುಂದಿನ ದಿನಕ್ಕೆ ಹಾಕಿದ್ದೀರಿ, ಯಾವುದನ್ನು ಹಾಗೇ ಬಿಟ್ಟಿದ್ದೀರಿ? ಗುರುತು ಉಂಟಾ?"

"ಗುರುತು ಎಂತಕ್ಕೆ? ಸಂಜೆ ಬಂದದ್ದು ಯಾವುದು, ಬೆಳಗಿನ ಜಾವ ಬಂದದ್ದು ಯಾವುದು ಅಂತ ನೆನಪು ಮಾಡಿ ಮಾಡಿ ಬರೆದೆ. ನನ್ನ ಹೆಂಡತಿಯನ್ನೂ ಕೇಳಿದೆ, ಅವಳಿಗೆ ಬಟ್ಟೆ ಒದ್ದೆಯಾದ ದಿನವೆಲ್ಲ ನೆನಪುಂಟು."

"ನೆನಪಿಲ್ಲದ ದಿನಗಳನ್ನು?"

"ಅದನ್ನು ಎರಡೂ ದಿನಕ್ಕೆ ಅರ್ಧರ್ಧ ಹಂಚಿದೆ. ಯಾರಿಗೂ ಅನ್ಯಾಯ ಆಗ್ಬಾರ್ದಲ್ಲ."

ಹತ್ತು ವರ್ಷದ ಮಳೆ ಒಂದೇ ಕೈಬರಹದಲ್ಲಿ, ಒಂದು ಚಿತ್ತು ಕಾಟೂ ಇಲ್ಲದೆ, ನನ್ನೆದುರು ಮುದ್ದಾಗಿ ಕುಳಿತಿತ್ತು. ಒಂದೇ ಒಂದು ಸಾಲನ್ನೂ ಉಪಯೋಗಿಸುವ ಹಾಗಿರಲಿಲ್ಲ. ಪುಟ ಮಗುಚುತ್ತಾ ಹೋದೆ, ಅಷ್ಟೇ. ಅವರು ಕಿಟಕಿಯ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ನಮ್ಮ ಊರಿನ ಮಳೆ ನಿಮಗೆ ಬೇಡ ಅಂತ ಆಯ್ತಾ ಮೇಡಂ?"

'ಹಾಗೇನಿಲ್ಲ' ಎಂದು ಸಮಾಧಾನ ಹೇಳಿದೆ ಎಂದೇ ಇಷ್ಟು ಕಾಲ ನಂಬಿಕೊಂಡಿದ್ದೆ. ದಿನಚರಿಯಲ್ಲಿ ಹಾಗಿಲ್ಲ. 'ಉತ್ತರ ಕೊಡದೆ ಎದ್ದು ಬಂದೆ' ಎಂದಿದೆ.

ಲೇಖನ ವಾಪಸು ತೆಗೆದುಕೊಂಡೆ. ಮುಖ್ಯ ಅಧ್ಯಾಯ ಹೋಯಿತು, ಬಂಟ್ವಾಳ ಮತ್ತು ಮೂಡುಬಿದಿರೆ ಎರಡನ್ನೇ ಇಟ್ಟುಕೊಂಡು ಹೊಸದಾಗಿ ಹೊಲಿದ ಪ್ರಬಂಧಕ್ಕೆ ಪದವಿ ಬಂದದ್ದು ಎಂಬತ್ತರ ದಶಕಕ್ಕೆ ಕಾಲಿಟ್ಟ ಮೇಲೆ. ಬೆಳ್ತಂಗಡಿಗೆ ಒಂದು ಅಡಿಟಿಪ್ಪಣಿ ಸಿಕ್ಕಿತು: ವೀಕ್ಷಕರ ದೋಷದಿಂದ ಈ ಕೇಂದ್ರವನ್ನು ಕೈಬಿಡಲಾಗಿದೆ.

ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು ಆ ಟಿಪ್ಪಣಿಯ ಮೇಲೆ ಬೆರಳಿಟ್ಟು, ಮೊದಲ ಸಲ ಹೋದಾಗಲೇ ಪುಸ್ತಕವನ್ನು ಪೂರ್ತಿ ಏಕೆ ನಕಲು ಮಾಡಲಿಲ್ಲ ಎಂದು ಕೇಳಿದರು. ಸಮಯ ಇರಲಿಲ್ಲ, ಹಳ್ಳಿಗಾಡಿನ ಬಸ್ಸು, ಎಂದೆ. ಅವರು ತಲೆಯಾಡಿಸಿ ಪುಟ ತಿರುಗಿಸಿದರು.

ಇದನ್ನು ಬರೆಯಲೆಂದು ಮೊನ್ನೆ ಆ ಮೊದಲ ಬೇಸಗೆಯ ದಿನಚರಿ ತೆಗೆದೆ. ಬೆಳ್ತಂಗಡಿಯ ದಿನ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಬೇಕಾದ ದಿನಗಳು ಸಿಕ್ಕಿದವು. ಮೂರು ಗಂಟೆಗೇ ಮುಗಿಯಿತು. ಬಸ್ಸು ಐದೂವರೆಗೆ. ಸುಮ್ಮನೆ ಕುಳಿತಿದ್ದೆ.'