ಕಾಣದವರಿಗೊಂದು ಎಲೆ

ಮದುವೆಯಾಗಿ ಹಳೇಬೀಡಿಗೆ ಬಂದ ಹೊಸದರಲ್ಲಿ, ನಾನು ಊಟಕ್ಕೆ ಒಂದು ಎಲೆ ಹಾಕಿದರೆ ನಮ್ಮ ಯಜಮಾನರು ಇನ್ನೊಂದು ಹಾಕು ಎನ್ನುತ್ತಿದ್ದರು. ಯಾರಿಗೆ ಎಂದರೆ ಪಕ್ಕದ ಖಾಲಿ ಮಣೆ ತೋರಿಸುತ್ತಿದ್ದರು. ಅಲ್ಲೊಬ್ಬರು ಕೂತಿರುತ್ತಿದ್ದರಂತೆ. ದಿನವಿಡೀ ಇವರ ಕಿವಿಯಲ್ಲಿ ಬಯ್ಯುತ್ತಿದ್ದವರೂ ಅವರೇ ಅಂತೆ. ಇದಕ್ಕೆ ಸ್ಕಿಜೋಫ್ರೇನಿಯಾ ಎಂಬ ಹೆಸರಿದೆಯೆಂದು ಡಾಕ್ಟರೊಬ್ಬರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ನನ್ನ ಗಂಡ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ಕಾಲೇಜು ಹುಡುಗರೂ ಬಸ್ಸು ಹತ್ತಿ ಬಂದು ಇವರಿಂದ ಲೆಕ್ಕ ಬಿಡಿಸಿಕೊಂಡು ಹೋಗುವಷ್ಟು ಬುದ್ಧಿವಂತರು, ಮತ್ತು ನಮ್ಮ ಮನೆಯಲ್ಲಿ ಬಾಡಿಗೆ ಕೊಡದವರೊಬ್ಬರಿದ್ದಾರೆ.

ಗೊಣಗಿಕೊಂಡೇ ಬಡಿಸಿದೆ. ತುಪ್ಪ ಮಾತ್ರ ಹಾಕುತ್ತಿರಲಿಲ್ಲ. ಅವರಿಗೆ ಅಷ್ಟು ಉಪಚಾರ ಯಾಕೆ? ಅವರು ಮುಟ್ಟದೆ ಬಿಟ್ಟದ್ದನ್ನು ಆಮೇಲೆ ಅದೇ ಎಲೆಯಲ್ಲಿ ನಾನು ಉಣ್ಣುತ್ತಿದ್ದೆ.

ಮೇಷ್ಟ್ರು ಪಾಠದ ನಡುವೆ ಗೋಡೆಯ ಜೊತೆ ಮಾತಾಡುತ್ತಾರೆಂದು ಯಾರೋ ಮೂಗರ್ಜಿ ಹಾಕಿದರು. ವಿಚಾರಣೆಗೆ ಸ್ಕೂಲ್ ಇನ್‌ಸ್ಪೆಕ್ಟರು ಬಂದರು. ಅವರು ಬರೆದಂತೆ ಇವರ ಕೆಲಸ ಉಳಿಯಬೇಕು, ಇಲ್ಲವೇ ಹೋಗಬೇಕು. ಆ ಮನುಷ್ಯ ಮಹಾ ಮಡಿವಂತರು, ಹೋಟೆಲಿನಲ್ಲಿ ಉಣ್ಣುವವರಲ್ಲ. ಹೆಡ್‌ಮಾಸ್ಟರು ಅವರನ್ನು ನಮ್ಮ ಮನೆಗೇ ಊಟಕ್ಕೆ ಕಳಿಸಿಬಿಟ್ಟರು.

ಅವರು ಶರಟು ತೆಗೆದು, ಶಲ್ಯ ಹೊದ್ದು ಮೊದಲನೆಯ ಮಣೆಯ ಮೇಲೆ ಕೂರಲು ಹೋದರು. ಯಜಮಾನರು ತಡೆದು, ಅಲ್ಲಿ ಕೂತಿದ್ದಾರೆ, ಈ ಕಡೆ ಬನ್ನಿ ಎಂದರು. ಇನ್‌ಸ್ಪೆಕ್ಟರು ಖಾಲಿ ಮಣೆ ನೋಡಿದರು, ಬಡಿಸಿದ ಎಲೆ ನೋಡಿದರು. ತಿಥಿಯ ದಿನ ವಿಷ್ಣುವಿನ ಸ್ಥಾನಕ್ಕೆ ಬ್ರಾಹ್ಮಣರು ಸಿಗದಿದ್ದರೆ, ಮಣೆ ಖಾಲಿ ಬಿಟ್ಟು ಎಲೆಗೆ ಬಡಿಸುವ ಪದ್ಧತಿ ನಮ್ಮಲ್ಲಿದೆ. ಅವರ ದನಿ ಇಳಿಯಿತು.

“ಇವತ್ತು ತಿಥಿಯೇನಮ್ಮಾ? ನಿಮ್ಮ ಮಾವನವರದಾ?”

ಹೌದೆಂದು ತಲೆಯಾಡಿಸಿದೆ. ಮಾವನವರು ಆ ಹೊತ್ತಿಗೆ ಅರಸೀಕೆರೆಯಲ್ಲಿ ಉಂಡು, ಎಲೆಯಡಿಕೆ ಹಾಕಿಕೊಂಡು, ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಿರಬೇಕು.

ಸುಳ್ಳೆಂದರೆ ಆಗದ ಯಜಮಾನರು ಬಾಯಿ ತೆರೆದರು. ಅಷ್ಟರಲ್ಲಿ ಖಾಲಿ ಮಣೆಯವರು ಏನೋ ಅಂದಿರಬೇಕು, ಆ ಕಡೆ ಬಾಗಿ ಪಿಸುಗುಟ್ಟತೊಡಗಿದರು. ಇನ್‌ಸ್ಪೆಕ್ಟರು ಅದನ್ನು ಮಂತ್ರವೆಂದುಕೊಂಡು ಕೈಮುಗಿದರು. ನಾನು ಹೆದರಿಕೆಗೆ ಆ ಎಲೆಗೂ ತುಪ್ಪ ಸುರಿದೆ.

ಊಟವಾದ ಮೇಲೆ ಇನ್‌ಸ್ಪೆಕ್ಟರು ಆ ಎಲೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಸಾಕು, ಏಳಿ ಅಂತಿದ್ದಾರೆ ಎಂದು ಯಜಮಾನರು ಹೇಳಿದರು. ಇನ್‌ಸ್ಪೆಕ್ಟರ ಕಣ್ಣಲ್ಲಿ ನೀರು ಬಂತು. ಇಂಥ ಅನುಷ್ಠಾನವಂತರ ಜಪವನ್ನು ಹುಚ್ಚು ಎನ್ನುವ ಕಾಲ ಬಂತಲ್ಲ ಎಂದು ಮೂಗರ್ಜಿಯನ್ನು ಹರಿದುಹಾಕಿ ಬೇಲೂರಿನ ಬಸ್ಸಿಗೆ ಹೊರಟರು.

ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ. ಯಜಮಾನರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

“ಅಲ್ಲಿ ಯಾರೂ ಇಲ್ಲ ಅಂತ ನಂಗೊತ್ತು ಕಣೇ,” ಎಂದರು. “ಆದ್ರೆ ನೀನು ಬಡಿಸಿದಾಗ ಮಾತ್ರ ಅವರು ಬಯ್ಯೋದು ನಿಲ್ಲಿಸ್ತಾರೆ.”

ನನ್ನ ನಗು ನಿಂತುಹೋಯಿತು. ಮಾರನೆಯ ದಿನ, ಯಾರ ಹೆದರಿಕೆಯೂ ಇಲ್ಲದೆ, ಆ ಎಲೆಗೇ ಮೊದಲು ತುಪ್ಪ ಬಡಿಸಿದೆ.