ಅರ್ಕಾವತ್ತಿನ ಉಸಾಬರಿ
ದುಬಾರೆಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಲು ಅಕ್ಕನ ಜೊತೆ ಹೋಗಿದ್ದೆ. ಎಲ್ಲರೂ ಹೊಳೆಯತ್ತ ನೋಡುತ್ತಿದ್ದರೆ ನಾನು ಬಂಡೆಯ ಮೇಲೆ ಕೂತು ಮೊಬೈಲಿನಲ್ಲಿ ಉತ್ತರ ಬರೆಯುತ್ತಿದ್ದೆ.

"ಇಲ್ಲೂ ಅದೇನಾ? ಯಾರ ಮನೆ ಕೆಲ್ಸ ಮಾಡ್ತಿದ್ದೀಯೇ ನೀನು?" ಅಕ್ಕ ಕೇಳಿದಳು.

"ಯಾರೋ, ಗೊತ್ತಿಲ್ಲ. ಇವತ್ತೇ ಸರಿ ಮಾಡ್ಕೊಡಿ ಅಂತಿದಾರೆ."

"ಗೊತ್ತಿಲ್ದೋರಿಗೆ ಇಷ್ಟ್ಯಾಕೆ ಹೆದರ್ತೀಯ?"

ನಾನು ಬರೆಯುತ್ತಿದ್ದುದನ್ನು ಮುಗಿಸಿ ಕಳಿಸಿದೆ.

ನಾನು ಮಡಿಕೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವಳು. ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳನ್ನು ಉಳಿಸಿಕೊಳ್ಳಲೆಂದು, ಹಳೆ ಫಾಂಟುಗಳ ಕನ್ನಡವನ್ನು ಯೂನಿಕೋಡಿಗೆ ಬದಲಿಸುವ ಸಣ್ಣ ತಂತ್ರಾಂಶವೊಂದನ್ನು ಬರೆದಿದ್ದೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅಂತರ್ಜಾಲದಲ್ಲಿ ಬಿಟ್ಟೆ. ಬಳಸಿದವರು ಬಹಳ, ತಿದ್ದಿದವರು ಇಲ್ಲವೆನ್ನುವಷ್ಟು ಕಡಿಮೆ. ಅರ್ಕಾವತ್ತು ಜಾಗ ತಪ್ಪಿ 'ಸೂರ್ಯ' 'ಸೂಯರ್' ಆಯಿತೆಂದು ಒಬ್ಬರು ಬರೆಯುವರು. ಅದನ್ನು ಸರಿಪಡಿಸಿದರೆ ಇನ್ನೊಬ್ಬರ ಕಡತದಲ್ಲಿ ಮತ್ತೇನೋ ಕೆಡುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ದುಬಾರೆಯಿಂದ ಬಂದವಳೇ ತಂತ್ರಾಂಶದ ಪುಟದಲ್ಲಿ ಬರೆದೆ: "ಇನ್ನು ಇದನ್ನು ನಾನು ನೋಡಿಕೊಳ್ಳುವುದಿಲ್ಲ. ವಹಿಸಿಕೊಳ್ಳುವವರಿದ್ದರೆ ತಿಳಿಸಿ."

ನಿರಾಳವಾಗಬೇಕಿತ್ತು, ಆಗಲಿಲ್ಲ. ಒಣಗದ ಬಟ್ಟೆ ಒಳಗೆ ತಂದೆ, ಮತ್ತೆ ಹೊರಗೆ ಹರವಿದೆ. ಕುಕ್ಕರಿಗೆ ಅಕ್ಕಿ ಹಾಕಿ ಒಲೆ ಹಚ್ಚುವುದನ್ನೇ ಮರೆತೆ. "ಬಿಟ್ಟಿದ್ದು ನೀನೇ ತಾನೆ? ಒಂದ್ ಕಡೆ ಕೂತ್ಕೋ ಮಾರಾಯ್ತಿ," ಎಂದರು ನಮ್ಮ ಯಜಮಾನರು. ಕೂತೆ. ಕೈ ಮೊಬೈಲಿಗೆ ಹೋಯಿತು.

ಕೆಲವರು ವಂದನೆ ಹೇಳಿದ್ದರು. ಒಬ್ಬರು, ನಡುನೀರಿನಲ್ಲಿ ಕೈಬಿಟ್ಟಿರಿ ಎಂದು ಬೈದಿದ್ದರು. ವಹಿಸಿಕೊಳ್ಳುತ್ತೇನೆಂದು ಬಂದವರು ಒಬ್ಬರೇ. ಎಲ್ಲರಿಗಿಂತ ಹೆಚ್ಚು ದೂರು ಕಳಿಸುತ್ತಿದ್ದವರು ಅವರೇ. ಒಂದು ನಮಸ್ಕಾರವನ್ನೂ ಬರೆಯದೆ ನೇರ ತಪ್ಪಿಗೇ ಕೈಹಾಕುವ ಮನುಷ್ಯ. ಹಿಂಜರಿಯುತ್ತಲೇ ಫೋನ್ ಮಾಡಿದೆ. ಧಾರವಾಡದ ಕಡೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರಂತೆ.

"ಭಾಳ ಬಿರುಸಾಗಿ ಬರದೇನ್ರಿ ಮೇಡಂ ನಿಮಗ, ತಪ್ಪು ತಿಳ್ಕೋಬ್ಯಾಡ್ರಿ. ದಿನಾ ಅದರ ಮ್ಯಾಲೇ ಕೆಲಸ ನೋಡ್ರಿ, ಸಿಟ್ಟು ಬರ್ತದ."

"ನಿಮಗೆ ಪ್ರೋಗ್ರಾಮಿಂಗ್ ಬರುತ್ತಾ?"

"ನೀವು ಬರದದ್ದನ್ನ ಓದಿ ಓದೇ ಕಲ್ತೇನ್ರಿ."

ಅವರು ಮಾಡಿಟ್ಟುಕೊಂಡಿದ್ದ ತಿದ್ದುಪಡಿಗಳನ್ನು ತರಿಸಿಕೊಂಡು ನೋಡಿದೆ, ಚೆನ್ನಾಗಿದ್ದವು. ಮರುದಿನ ಎಲ್ಲ ಅಧಿಕಾರವನ್ನೂ ಅವರಿಗೆ ಬಿಟ್ಟುಕೊಟ್ಟೆ.

ವಾರ ಕಳೆಯುವುದರೊಳಗೆ ಅವರು ಅರ್ಕಾವತ್ತಿನ ಭಾಗವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದರು. ನಾನು ಎಷ್ಟೋ ರಜೆಗಳನ್ನು ಸುರಿದಿದ್ದ ಭಾಗ ಅದು. ಅವರದು ನನ್ನದಕ್ಕಿಂತ ಚಿಕ್ಕದು, ಸ್ಪಷ್ಟ. ಹಳೆಯ ಸಂಚಿಕೆಗಳನ್ನೆಲ್ಲ ಅದಕ್ಕೆ ಉಣಿಸಿ ತಪ್ಪು ಹುಡುಕತೊಡಗಿದೆ. ಕೊನೆಗೂ ಒಂದು ಸಿಕ್ಕಾಗ ಆದ ಖುಷಿಗೆ ನನಗೇ ನಾಚಿಕೆಯಾಯಿತು. ಬೇರೆಲ್ಲರಂತೆ ದೂರು ಬರೆದು ಕಳಿಸಿದೆ. ನಮಸ್ಕಾರ ಎಂದೇ ಶುರುಮಾಡಿದ್ದೆ. "ಸರಿ ಮಾಡೇನ್ರಿ" ಎಂದು ಸಂಜೆಯೊಳಗೆ ಉತ್ತರ ಬಂತು.

ಅಷ್ಟರಲ್ಲಿ ಅಕ್ಕ ಫೋನ್ ಮಾಡಿದಳು. "ಅಂತೂ ಬಿಟ್ಯಲ್ಲ. ಈಗ ಆರಾಮಾ?"

"ಹ್ಞೂಂ," ಎಂದೆ. ಒಂದು ಕಡೆ ಕೂರಲಾಗದೆ ಆಗಲೇ ಚಪ್ಪಲಿ ಮೆಟ್ಟಿ ಪೇಟೆಯತ್ತ ಹೊರಟಿದ್ದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.